ಕಾಲೇಜು ಗ್ರಂಥಾಲಯಕ್ಕೆ ಬೋರ್ಡ್ ಗೇಮ್ ಆರಿಸುವುದು ಹೇಗೆ?

ಜಾಲತಾಣದ ‘ಅತ್ಯುತ್ತಮ ಆಟಗಳ’ ಪಟ್ಟಿ ನೋಡಿ ಇಂಡೆಂಟ್ (ಖರೀದಿಯ ಬೇಡಿಕೆ) ಹಾಕಿದ ಆಟಗಳು ಕೊನೆಗೆ ಬೀರು ಸೇರುತ್ತವೆ. ಆ ಪಟ್ಟಿ ಇರುವುದು ರಜೆಯಲ್ಲಿ ಮನೆಯಲ್ಲಿ ಕೂತು ಮೂರು ಗಂಟೆ ಆಡುವವರಿಗೆ. ತುಮಕೂರಿನ ಕಾಲೇಜುಗಳ ಮಕ್ಕಳಿಗೆ ಸಿಗುವುದು ಒಂದು ಖಾಲಿ ಪೀರಿಯಡ್. ಸಂಜೆಯಾದರೆ ಶಿರಾ, ಮಧುಗಿರಿ, ಗುಬ್ಬಿ ಬಸ್ಸಿನ ಅವಸರ.

ಮೊದಲು, ಯಾವ ವಿಭಾಗದವರು ಆಡುತ್ತಾರೆಂದು ಕೇಳಿಕೊಳ್ಳಿ. ಹತ್ತು ಆಟ ಸಾಕು.

ಎರಡನೆಯದು ಸೋಸುವ ಕೆಲಸ. ಎಡವುವುದು ಇಲ್ಲೇ. ಡಬ್ಬಿಯ ಮೇಲಿನ ಸಮಯವನ್ನು ನಂಬಬೇಡಿ, ಅದು ಆಟ ಬಲ್ಲವರ ಲೆಕ್ಕ. ಹೊಸಬರಿಗೆ ಅದರ ಒಂದೂವರೆ ಪಟ್ಟು ಹಿಡಿಯುತ್ತದೆ, ನಿಯಮ ಹೇಳಲು ಇನ್ನೊಂದು ಕಾಲು ಗಂಟೆ. 1995ರ ‘ಕಟಾನ್’ ಒಳ್ಳೆಯ ಆಟವೇ, ಆದರೆ ಹೊಸ ನಾಲ್ವರು ಕೂತರೆ ಒಂದು ಪೀರಿಯಡ್‌ನಲ್ಲಿ ಮುಗಿಯದು. 2017ರ ‘ಅಜುಲ್’ ಮೊದಲ ಸಲ ಒಂದು ಗಂಟೆ ತೆಗೆದುಕೊಂಡರೂ ಆಮೇಲೆ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ.

ಆಮೇಲೆ ಭಾಷೆ. ‘ಅಜುಲ್’ ಬಿಲ್ಲೆಗಳ ಮೇಲೆ ಅಕ್ಷರವೇ ಇಲ್ಲ. ‘ಡಿಕ್ಸಿಟ್’ನಲ್ಲಿ 84 ಚಿತ್ರದ ಕಾರ್ಡ್‌ಗಳು, ಯಾವ ಚಿತ್ರವೆಂದು ಉಳಿದವರು ಊಹಿಸಲು ಕೊಡುವ ಸುಳಿವನ್ನು ಕನ್ನಡದಲ್ಲೇ ಹೇಳಬಹುದು. ಕನ್ನಡ ವಿಭಾಗಕ್ಕೆ ಇದನ್ನೇ ಮೊದಲು ತರಿಸಿ. ‘ಕೋಡ್‌ನೇಮ್ಸ್’ ಸುಳಿವು ಕೇಳಿ ಪದ ಊಹಿಸುವ ಆಟ, ಪೂರ್ತಿ ಇಂಗ್ಲಿಷ್ ಪದಗಳ ಮೇಲೆ ನಿಂತಿದೆ, ಕನ್ನಡ ಮಾಧ್ಯಮದಿಂದ ಬಂದವರು ಸುಮ್ಮನೆ ಕೂರುತ್ತಾರೆ. ಆದರೆ ಅದಕ್ಕೆ ಬೇಕಿರುವುದು ಹರಡಿಟ್ಟ 25 ಪದ ಅಷ್ಟೇ. ದಪ್ಪ ಕಾಗದದಲ್ಲಿ ಇನ್ನೂರು ಕನ್ನಡ ಪದಗಳ ಚೀಟಿ ಮಾಡಿಕೊಂಡು, ಉಳಿದದ್ದನ್ನೆಲ್ಲ ಡಬ್ಬಿಯಿಂದಲೇ ಬಳಸಿ.

ಮೂರನೆಯ ಜರಡಿ, ಒಂದು ಕಾಯಿ ಕಳೆದರೆ ಏನಾಗುತ್ತದೆ ಎಂಬುದು. ‘ಟಿಕೆಟ್ ಟು ರೈಡ್’ನಲ್ಲಿ ಒಬ್ಬೊಬ್ಬರಿಗೆ 45 ಪುಟ್ಟ ರೈಲು ಬೋಗಿ, ಪ್ರತಿ ಬಣ್ಣಕ್ಕೆ ಮೂರು ಹೆಚ್ಚುವರಿ. ನಾಲ್ಕೈದು ಕಳೆದರೂ ಎಲ್ಲರಿಗೂ ಸಮನಾಗಿ ಕಡಿಮೆ ಕೊಟ್ಟು ಆಡಬಹುದು. ‘ಪ್ಯಾಂಡೆಮಿಕ್’ನಲ್ಲಿ ಹಾಗಲ್ಲ. ನಕ್ಷೆಯ 48 ಊರುಗಳಿಗೂ ಎರಡೆರಡು ಬಗೆಯ ಕಾರ್ಡ್ ಇದೆ, ಒಂದು ಹೋದರೆ ಜೋಡಿ ತಪ್ಪುತ್ತದೆ. ಬಂದ ದಿನವೇ ಎಲ್ಲ ಕಾರ್ಡ್ ಸ್ಕ್ಯಾನ್ ಮಾಡಿಟ್ಟುಕೊಂಡು, ಹಿಂಬದಿ ಕಾಣದ ಪ್ಲಾಸ್ಟಿಕ್ ಕವರ್ ಹಾಕಿ. ಮುಂದೆ ಮುದ್ರಿಸಿ ಸೇರಿಸಿದ ಕಾರ್ಡ್ ಬೇರೆಯಾಗಿ ಕಾಣುವುದಿಲ್ಲ. ಕಾರ್ಡ್ ಹರಿಯುವ, ಸ್ಟಿಕ್ಕರ್ ಅಂಟಿಸುವ ‘ಪ್ಯಾಂಡೆಮಿಕ್ ಲೆಗಸಿ’, ಕತ್ತರಿಸಿ ಮುಗಿಸುವ ‘ಎಕ್ಸಿಟ್’ ಸರಣಿ ಗ್ರಂಥಾಲಯಕ್ಕೆ ಬೇಡವೇ ಬೇಡ. ಇಸ್ಪೀಟು ಕಟ್ಟೂ ಬೇಡ. ಒಬ್ಬ ಪೋಷಕರು ದೂರು ಕೊಟ್ಟರೆ ಉಳಿದ ಆಟಗಳಿಗೂ ಬೀಗ ಬೀಳುತ್ತದೆ.

ಹತ್ತರಲ್ಲಿ ಮೂರು ನಮ್ಮವೇ ಇರಲಿ: ಅಳಗುಳಿಮಣೆ, ಚೌಕಾಬಾರ, ಆಡು-ಹುಲಿ. 14 ಗುಳಿಗೆ ಐದರಂತೆ 70 ಹುಣಸೆಬೀಜ ಹಾಕಿದರೆ ಅಳಗುಳಿ ಸಿದ್ಧ, ಕಳೆದದ್ದಕ್ಕೆ ಖರ್ಚೇ ಇಲ್ಲ. ಮೂರು ಹುಲಿ, ಹದಿನೈದು ಆಡಿನ ಆಟ ತರ್ಕ ಕಲಿಸುವವರಿಗೆ ಚೆಸ್‌ಗಿಂತ ಬೇಗ ಕೈಗೆ ಹತ್ತುತ್ತದೆ. ನಿಯಮ ಊರೂರಿಗೆ ಬೇರೆ. ಒಂದನ್ನು ಗೊತ್ತು ಮಾಡಿ, ಒಂದೇ ಪುಟದಲ್ಲಿ ಬರೆದು ಮಣೆಯ ಜೊತೆಗಿಡಿ, ಇಲ್ಲದಿದ್ದರೆ ಆಟಕ್ಕಿಂತ ಜಗಳ ಜಾಸ್ತಿ.

ಕೊಳ್ಳುವಾಗ ಕೊಟೇಶನ್‌ನಲ್ಲಿ ಪ್ರಕಾಶಕರ ಹೆಸರು, ಆವೃತ್ತಿ ಬರೆಸಿ. ಬರೀ ಆಟದ ಹೆಸರಿದ್ದರೆ ಕಡಿಮೆ ದರದವರು ನಕಲಿ ಮಾಲು ತರುವ ಸಾಧ್ಯತೆ ಹೆಚ್ಚು. ಕಾರ್ಡ್‌ಗಳನ್ನು ಮಾಲು ಬಂದ ಕೂಡಲೇ ಬೋರಲು ಹರಡಿ: ಹಿಂಬದಿಯ ಬಣ್ಣ ಒಂದಕ್ಕೊಂದು ಹೊಂದದಿದ್ದರೆ, ಅಂಚಿನ ಬಿಳಿ ಪಟ್ಟಿ ಓರೆಯಾಗಿದ್ದರೆ ವಾಪಸ್ ಕಳಿಸಿ. ಬಿಲ್ ಪಾಸ್ ಮಾಡುವ ಮುಂಚೆ ಎಣಿಕೆ ಮುಗಿದಿರಬೇಕು.

ಅಕ್ಸೆಷನ್ ನಂಬರ್ (ಗ್ರಂಥಾಲಯದ ದಾಖಲೆ ಸಂಖ್ಯೆ) ಪುಸ್ತಕಕ್ಕೆ ಕೊಡುವಂತೆಯೇ ಕೊಡಿ. ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಜಾಣ್ಮೆಯ ಆಟಗಳು 794ಕ್ಕೆ ಬರುತ್ತವೆ.

ಕಾಯಿಗಳಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಒಳ್ಳೆಯದು. ರಬ್ಬರ್ ಬ್ಯಾಂಡ್ ಬೇಡ, ಬೇಸಿಗೆಯಲ್ಲಿ ಕರಗಿ ಕಾರ್ಡಿಗೆ ಅಂಟಿಕೊಳ್ಳುತ್ತದೆ. ಡಬ್ಬಿಯ ಮೂಲೆಗೆ ಸೆಲೋಟೇಪ್ ಬದಲು ಬೈಂಡಿಂಗ್ ಬಟ್ಟೆ ಅಂಟಿಸಿ. ವಾಪಸ್ ಪಡೆಯುವಾಗ ನೂರು ಬಿಲ್ಲೆ ಎಣಿಸುತ್ತ ಕೂರಲಾಗದು. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಕೌಂಟರ್‌ನಲ್ಲಿ ಇಟ್ಟುಕೊಳ್ಳಿ. ಎಲ್ಲ ಕಾಯಿಗಳಿರುವಾಗ ಚೀಲದ ತೂಕವೆಷ್ಟೆಂದು ಮುಚ್ಚಳದ ಒಳಗೆ ಬರೆದಿಡಿ, ತೂಕ ಕಡಿಮೆ ಬಂದರೆ ಮಾತ್ರ ಎಣಿಸಿ.