ಉಪ್ಪುನೀರು ಮಜ್ಜಿಗೆಯಾಗುತ್ತಿದ್ದುದು ಯಾಕೆ?

ನೀರು ಬದಲಿಸಿದ ನಾಲ್ಕೇ ದಿನಕ್ಕೆ, ಸಮುದ್ರದ ಮೀನು ಸಾಕುವ ನನ್ನ ಟ್ಯಾಂಕಿನ ಮರಳಿನ ಮೇಲೆ ಕಂದು ಪಾಚಿ ಕೂರುತ್ತಿತ್ತು. ಕೈಯಾಡಿಸಿದರೆ ಹೊಗೆಯ ಹಾಗೆ ಏಳುತ್ತಿತ್ತು. ಟ್ಯಾಂಕಿಗೆಂದು ಸಮುದ್ರದ ಉಪ್ಪಿನ ಮಿಶ್ರಣ ಕಲಸುವ ಬಕೆಟ್ಟಿನದು ಬೇರೆಯೇ ಕಥೆ: ನೀರು ಮಜ್ಜಿಗೆ ಬಣ್ಣ, ತಳದಲ್ಲಿ ಸುಣ್ಣದಂಥ ಪದರ. ಉಪ್ಪೇ ಕಲಬೆರಕೆ ಅಂತ ಎರಡು ತಿಂಗಳು ಅಂಗಡಿಯವರನ್ನು ಬೈದುಕೊಂಡೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ನಮ್ಮದು ಬೋರ್‌ವೆಲ್ ನೀರು. ಅಡುಗೆಮನೆಯ ಆರ್‌ಓ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಅದ್ದಿದರೆ 85 ತೋರಿಸಿತು! ರುಚಿಗೆಂದು ಇಂಥ ಯಂತ್ರಗಳಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಶೋಧಿಸುವ ಪೊರೆ ದಾಟದ ನೀರನ್ನೂ ಅದು ಒಂದಿಷ್ಟು ಬೆರೆಸುತ್ತದೆ. ಕುಡಿಯುವವರಿಗೆ ಒಳ್ಳೆಯದೇ. ಆದರೆ ಜೊತೆಗೇ ನೈಟ್ರೇಟ್, ಸಿಲಿಕೇಟ್ ಬಂದುಬಿಡುತ್ತವೆ. ಕಂದು ಪಾಚಿ, ಅಂದರೆ ಡಯಾಟಮ್, ತನ್ನ ಚಿಪ್ಪು ಕಟ್ಟಿಕೊಳ್ಳುವುದೇ ಆ ಸಿಲಿಕೇಟಿನಿಂದ. ಟ್ಯಾಂಕಿಗೆಂದೇ ಪೊರೆಯಿಂದ ನೇರ ಪೈಪು ಎಳೆಸಿ, ಕೊನೆಗೆ ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಕಾರ್ಟ್ರಿಡ್ಜ್ ಹಾಕಿಸಿದೆ. ಮೀಟರ್ ಸೊನ್ನೆಗಿಳಿಯಿತು.

ಬಿಳಿ ಪದರ ಮಾತ್ರ ಪೂರ್ತಿ ನನ್ನದೇ ಘನಕಾರ್ಯ. ಬೇಗ ಕರಗಲಿ ಅಂತ ಬಕೆಟ್ಟಿಗೆ ಮೊದಲು ಉಪ್ಪು ಸುರಿದು ಮೇಲೆ ಬಿಸಿನೀರು ಹೊಯ್ಯುತ್ತಿದ್ದೆ. ಹಾಗೆ ದಟ್ಟವಾದಾಗ ಕ್ಯಾಲ್ಸಿಯಂ, ಕಾರ್ಬೊನೇಟ್ ಸೇರಿ ಸುಣ್ಣಕಲ್ಲಾಗಿ ತಳಕ್ಕಿಳಿಯುತ್ತವೆ. ಆಮೇಲೆ ಎಷ್ಟು ತಿರುವಿದರೂ ಕರಗುವುದಿಲ್ಲ. ಈಗ ಮೊದಲು ನೀರು, ಅದರೊಳಗೆ ಓಡುವ ಪಂಪು, ಆಮೇಲೆ ಲೀಟರಿಗೆ ಸುಮಾರು 36 ಗ್ರಾಂ ಉಪ್ಪು, ಹಿಡಿಹಿಡಿಯಾಗಿ. ಮರುದಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬಂದರೆ ಸರಿ. (ಅದನ್ನೂ 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಪಾಲು ಉಪ್ಪಿನ, ದ್ರಾವಣ ಹಾಕಿ ಸರಿಹೊಂದಿಸಿಕೊಳ್ಳಿ.)

ಕ್ಲೌನ್ ಮೀನುಗಳಿಗೆ ಇದ್ಯಾವುದೂ ಗೊತ್ತಾದ ಹಾಗಿಲ್ಲ. ಮರಳು ಮಾತ್ರ ಆರು ವಾರದಿಂದ ಬೆಳ್ಳಗಿದೆ.