ಶಾಫ್ಟ್ ಕುಯ್ದು 20 ಯಾರ್ಡ್ ಗಳಿಸಿದೆ

ಗಾಲ್ಫ್‌ನಲ್ಲಿ ಅತಿ ದೂರ ಹೊಡೆಯುವ ಕೋಲು ಡ್ರೈವರ್, ಅದರ ದಂಡವೇ ಶಾಫ್ಟ್. ನನ್ನ ಡ್ರೈವರಿನ ಉದ್ದ ಈಗ 44 ಇಂಚು ಚಿಲ್ಲರೆ, ಲಾಫ್ಟ್ (ಚೆಂಡಿಗೆ ತಾಗುವ ಮುಖ, ಅಂದರೆ ಫೇಸ್, ಹಿಂದಕ್ಕೆ ಬಾಗಿರುವ ಕೋನ) 12 ಡಿಗ್ರಿ. 185 ಯಾರ್ಡ್ ಆಸುಪಾಸಿನಲ್ಲಿದ್ದ ಕ್ಯಾರಿ, ಅಂದರೆ ಚೆಂಡು ಗಾಳಿಯಲ್ಲಿ ಹಾರುವ ದೂರ, 205ಕ್ಕೆ ಏರಿದೆ, ನೆಲದ ಮೇಲೆ ಉರುಳುವುದನ್ನು ಲೆಕ್ಕಕ್ಕೆ ಹಿಡಿಯದೆ. ಶನಿವಾರ ಜೊತೆಗೆ ಆಡುವ ಮೂವರಲ್ಲಿ ಯಾರೂ ನಂಬಿರಲಿಲ್ಲ. "ದೂರ ಬೇಕು ಅಂತೀಯ, ಶಾಫ್ಟ್ ಕುಯ್ತೀನಿ ಅಂತೀಯ, ಇದ್ಯಾವ ಲೆಕ್ಕ ಗುರು?" ಅಂದಿದ್ದ ಗೆಳೆಯ ಈಗ ತನ್ನ ಡ್ರೈವರನ್ನೇ ತಂದು ನನ್ನ ಬೆಂಚಿನ ಮೇಲಿಟ್ಟಿದ್ದಾನೆ.

ಇದಕ್ಕೂ ಮೊದಲು ಎಲ್ಲರಂತೆ ನಾನೂ ದುಡ್ಡು ಸುರಿದವನೇ. 50 ಗ್ರಾಂ ಚಿಲ್ಲರೆಯ ಹಗುರ ಶಾಫ್ಟ್, ಜೋಡಿಸಿದರೆ ಒಟ್ಟು 46 ಇಂಚು, ಹೊರಗಿನಿಂದ ತರಿಸಿ ಸುಂಕ ಸೇರಿ 25 ಸಾವಿರದ ಹತ್ತಿರ ಬಿತ್ತು. ಸ್ವಿಂಗ್ ಸ್ಪೀಡ್ ಗಂಟೆಗೆ 90 ಮೈಲಿಯಿಂದ 92ಕ್ಕೆ ಹೋಯಿತು, ಬಾಲ್ ಸ್ಪೀಡ್ ಇದ್ದಲ್ಲೇ ಇತ್ತು. "ಸ್ಪೀಡ್ ಬಂತಲ್ಲ ಸರ್" ಅಂದ ಸಿಮ್ಯುಲೇಟರ್ ಹುಡುಗ. ಯಾರ್ಡ್ ಎಲ್ಲಿ? ಆಮೇಲೆ ಹೊಸ ಹೆಡ್ (ಕೋಲಿನ ತಲೆ), ಇನ್ನೊಂದು 50 ಸಾವಿರ. ನಡುಮಧ್ಯಕ್ಕೆ ತಾಗಿದ ಹೊಡೆತ ಹಳೆಯದರಲ್ಲಿ ಹೋದಷ್ಟೇ ದೂರ ಹೋಯಿತು. ಹೋಗಲೇಬೇಕು. ನಿಯಮದ ಪ್ರಕಾರ ಹೆಡ್ 460 ಸಿಸಿ ದಾಟುವಂತಿಲ್ಲ, ಫೇಸ್‌ನ ಸಿಟಿ (ಅದು ಚೆಂಡನ್ನು ಎಷ್ಟು ಚಿಮ್ಮಿಸುತ್ತದೆ ಎಂಬುದರ ಅಳತೆ) 257 ಮೈಕ್ರೋಸೆಕೆಂಡ್ ದಾಟುವಂತಿಲ್ಲ. ದೊಡ್ಡ ಕಂಪನಿಗಳೆಲ್ಲ ಆ ಗೆರೆಯ ಪಕ್ಕದಲ್ಲೇ ಕೂತಿವೆ.

ಹಾಗಾಗಿ ಚೆಂಡು ಎಲ್ಲಿ ತಾಗುತ್ತಿದೆ ಎಂದು ನೋಡಲು ಕೂತೆ. ಸ್ಪ್ರೇ ಏನೂ ಬೇಡ, ವೈಟ್‌ಬೋರ್ಡ್ ಮಾರ್ಕರ್ ಸಾಕು. ಚೆಂಡಿನ ಹಿಂಬದಿಗೆ ದಪ್ಪ ಚುಕ್ಕಿ ಇಟ್ಟು ಹೊಡೆದರೆ ಫೇಸ್ ಮೇಲೆ ಅಚ್ಚು ಬೀಳುತ್ತದೆ, ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ಉದ್ದನೆಯ ಕ್ಲಬ್ಬಿನಲ್ಲಿ ಚುಕ್ಕಿಗಳು ಫೇಸ್ ತುಂಬ ಚೆಲ್ಲಾಡಿದ್ದವು. ಹೆಚ್ಚಿನವು ಹೀಲ್ (ಶಾಫ್ಟ್ ಸೇರುವ ಬದಿ) ಕಡೆ, ಅದೂ ತಳದಲ್ಲಿ. ಅಲ್ಲಿ ತಾಗಿದರೆ ಸ್ಪಿನ್ ಏರಿ ಚೆಂಡು ಬಲಕ್ಕೆ ತೇಲಿ ಸಾಯುತ್ತದೆ. ಕೈಯಲ್ಲಿ ಹಿಡಿಯುವ ತುದಿಯಿಂದ ಒಂದೂವರೆ ಇಂಚು ಕುಯ್ದ ಮೇಲೆ ಬಹುಪಾಲು ಚುಕ್ಕಿಗಳು ಎರಡು ನಾಣ್ಯದಷ್ಟು ಜಾಗದೊಳಗೆ ಬಿದ್ದವು. ಸ್ಪೀಡ್ ಒಂದೋ ಎರಡೋ ಮೈಲಿ ಇಳಿಯಿತು, ಸ್ಮ್ಯಾಶ್ (ಬಾಲ್ ಸ್ಪೀಡನ್ನು ಸ್ವಿಂಗ್ ಸ್ಪೀಡಿನಿಂದ ಭಾಗಿಸಿದ್ದು) 1.38ರಿಂದ 1.46ಕ್ಕೆ ಏರಿತು. ಅಮೆರಿಕದ ವೃತ್ತಿಪರ ಆಟಗಾರ ರಿಕಿ ಫೌಲರ್ 2017ರ ಸುಮಾರಿಗೆ 43.5 ಇಂಚಿನದ್ದು ಆಡಿದವರು, ಅಂಗಡಿಯವರು ಮಾತ್ರ ಇಂದಿಗೂ ನಮ್ಮಂಥವರ ಕೈಗೆ 45.5ರ ಮೇಲಿನದ್ದೇ ಕೊಡುತ್ತಾರೆ.

ಕುಯ್ದಾಗ ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನಿಸುತ್ತದೆ ಎಂಬುದರ ಅಳತೆ) ಒಂಬತ್ತು ಪಾಯಿಂಟ್ ಬಿದ್ದುಹೋಯಿತು, ಕೈಯಲ್ಲಿ ಹೆಡ್ ಇದೆಯೆಂದೇ ಅನಿಸುತ್ತಿರಲಿಲ್ಲ. ಭಾರ ಸೇರಿಸಲು ಗಾಲ್ಫ್ ಅಂಗಡಿಯಲ್ಲಿ ಸಿಗುವ ಸೀಸದ ಟೇಪ್ ದುಬಾರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5 ಗ್ರಾಂ ಬಿಲ್ಲೆಗಳು ಸಿಗುತ್ತವಲ್ಲ, ಅವನ್ನೇ ತಂದು ಹೆಡ್‌ನ ತಳಕ್ಕೆ ಅಂಟಿಸಿ ಮೇಲೆ ಟೇಪ್ ಸುತ್ತಿ ಪ್ರಯೋಗ ಮಾಡಿದೆ. ಬಿದ್ದ ಒಂಬತ್ತು ಪಾಯಿಂಟ್‌ಗೆ ಪೂರ್ತಿ 18 ಗ್ರಾಂ ವಾಪಸ್ ತುಂಬಿದರೆ ಕೊನೆಯ ನಾಲ್ಕು ಹೋಲ್‌ನಲ್ಲಿ ತೋಳು ಸೋಲುತ್ತದೆ. ಹತ್ತು ಹನ್ನೊಂದು ಗ್ರಾಂನಲ್ಲಿ ನಿಲ್ಲಿಸಿದೆ. ಲೆಕ್ಕ ಕೂತ ಮೇಲೆ ಪೀಣ್ಯದಲ್ಲಿ ಪರಿಚಯದ ಲೇತ್‌ನವರ ಹತ್ತಿರ ಅಷ್ಟೇ ಭಾರಕ್ಕೆ, ಹೆಡ್‌ಗೆ ಹಾಕುವ ಹಿತ್ತಾಳೆಯ ಸ್ಕ್ರೂ ಮಾಡಿಸಿಕೊಂಡೆ, ಕೆಲವು ನೂರು ರೂಪಾಯಿ. ಹಿಂದಕ್ಕೆಷ್ಟು, ಹೀಲ್ ಕಡೆಗೆಷ್ಟು ಎಂಬ ಹಂಚಿಕೆ ಮಾತ್ರ ನನ್ನ ಹತ್ತಿರವೇ ಇರಲಿ.

ಲಾಫ್ಟ್ ವಿಷಯದಲ್ಲಿ ನಮ್ಮೂರಲ್ಲಿ ಒಣ ಜಂಬ ಜಾಸ್ತಿ, 9 ಡಿಗ್ರಿ ಹಿಡಿದವನೇ ಗಂಡಸು ಅನ್ನುವ ಹಾಗೆ. 90 ಮೈಲಿಯವರಿಗೆ 9 ಡಿಗ್ರಿ ಕೊಟ್ಟರೆ ಚೆಂಡು ಏಳುವುದೇ ಇಲ್ಲ. ಹಾಗಂತ ಸ್ಲೀವ್ (ಹೆಡ್ ಶಾಫ್ಟ್ ಸೇರುವಲ್ಲಿ ಲಾಫ್ಟ್ ಬದಲಿಸುವ ಜೋಡಣೆ) ತಿರುಗಿಸಿ 10.5ನ್ನು 12 ಮಾಡಬೇಡಿ, ಫೇಸ್ ಎಡಕ್ಕೆ ತಿರುಗಿಕೊಂಡು ಚೆಂಡೂ ಎಡಕ್ಕೆ ಓಡುತ್ತದೆ. 12 ಎಂದೇ ತಯಾರಾದ ಹೆಡ್ ಹುಡುಕಿ. ಯಾರಿಗೂ ಬೇಡವಾದ್ದರಿಂದ ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗ, ನನಗೆ 14 ಸಾವಿರಕ್ಕೆ ಸಿಕ್ಕಿತು.

ಶಾಫ್ಟ್‌ಗೆ ಹೆಡ್ ಅಂಟಿಸುವುದನ್ನು ಮೊದಲು ಹೊರಗೆ ಕೊಟ್ಟಿದ್ದೆ. ಮಳೆಗಾಲದಲ್ಲಿ, ಅಭ್ಯಾಸದ ರೇಂಜ್‌ನಲ್ಲಿ, ಹೆಡ್ ಚೆಂಡಿನ ಜೊತೆಗೇ ಹಾರಿತು. ಹೆಕ್ಕಿ ನೋಡಿದರೆ ಶಾಫ್ಟ್ ತುದಿಯ ಪೇಂಟ್ ಹಾಗೇ ಇದೆ! ಕೆರೆದೇ ಇರಲಿಲ್ಲ ಪುಣ್ಯಾತ್ಮರು. ಪೇಂಟ್ ಮೇಲೆ ಎಪಾಕ್ಸಿ ಅಂಟು ಹಚ್ಚಿದರೆ ಅದು ಪೇಂಟನ್ನಷ್ಟೇ ಹಿಡಿಯುತ್ತದೆ. ಅಂದಿನಿಂದ ನಾನೇ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಅಂಟಿಸಿ ಎರಡು ದಿನ ಮುಟ್ಟುವುದಿಲ್ಲ. ಜೂನ್ ಜುಲೈ ಥಂಡಿಯಲ್ಲಿ ಒಂದು ರಾತ್ರಿ ಸಾಲದು. ಬಿಚ್ಚುವಾಗಲೂ ಅಷ್ಟೇ, ಹೀಟ್ ಗನ್ ಹಿಡಿದು ನೇರಕ್ಕೆ ಎಳೆಯಿರಿ, ತಿರುಚಿದರೆ ಗ್ರಾಫೈಟ್‌ನ ನಾರು ಬಿಡುತ್ತದೆ.

ಇದೇ ಕ್ಲಬ್ ಚೆನ್ನೈಗೂ ಹೋಗಿ ಬಂತು. ಅಲ್ಲಿ ಕ್ಯಾರಿ ಆರೇಳು ಯಾರ್ಡ್ ಕಮ್ಮಿ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ತೆಳು ಗಾಳಿಯಲ್ಲಿ ಚೆಂಡಿಗೆ ತಡೆ ಕಮ್ಮಿ, ಎತ್ತುವ ಬಲವೂ ಕಮ್ಮಿ. ಅದಕ್ಕೇ ಇಲ್ಲಿ ಲಾಂಚ್ (ಚೆಂಡು ಏಳುವ ಕೋನ) ಇನ್ನಷ್ಟು ಎತ್ತರವಿದ್ದರೆ ಲಾಭ. ಟೀಯನ್ನು (ಚೆಂಡು ಕೂರಿಸುವ ಮೊಳೆ) ಅರ್ಧ ಬೆರಳಷ್ಟು ಏರಿಸಿಯೂ ನೋಡಿದೆ, ಫೇಸ್‌ನ ಮೇಲ್ಭಾಗಕ್ಕೆ ತಾಗಿ ಸ್ಪಿನ್ ಇಳಿಯಿತು. ಆ ಪ್ರಯೋಗ ಇನ್ನೂ ನಡೆದಿದೆ.

ಮೊದಲೇ ಇದ್ದ ಶಾಫ್ಟ್ ಬಿಟ್ಟು, ಹೆಡ್, ಗ್ರಿಪ್, ಸ್ಕ್ರೂ, ಎಪಾಕ್ಸಿ ಎಲ್ಲಾ ಸೇರಿ ಈ ಡ್ರೈವರ್‌ಗೆ 17 ಸಾವಿರ ದಾಟಿಲ್ಲ. ಗೆಳೆಯನದ್ದು ಈ ವಾರ ಕುಯ್ಯುತ್ತೇನೆ. ಅವನ ಸ್ವಿಂಗ್ ನನ್ನದಕ್ಕಿಂತ ಜೋರು, ಒಂದು ಇಂಚು ಸಾಕಾದೀತು.