ನಮ್ಮ ಶಾಲಾ ಡೈರಿಯ ನಿಯಮಗಳನ್ನು ಹೊಸದಾಗಿ ಬರೆದದ್ದು ಹೀಗೆ

ನಾನು ಮಂಗಳೂರಿನ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ವಿಜ್ಞಾನದ ಟೀಚರ್. ಚರ್ಚಿನ ಪಕ್ಕದಲ್ಲೇ ಶಾಲೆ. ಫಾದರ್ ಸಂಚಾಲಕರು, ಸಿಸ್ಟರ್ ಮುಖ್ಯೋಪಾಧ್ಯಾಯಿನಿ. ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತಾಡುವ ಎಲ್ಲ ಕಡೆಯ ಮಕ್ಕಳೂ ಇದ್ದಾರೆ. ಡೈರಿಯಲ್ಲಿ ಅಚ್ಚಾಗುವ ಶಿಸ್ತು, ಆರೋಗ್ಯ, ಸುರಕ್ಷತೆಯ ನಿಯಮಗಳನ್ನು ಪೂರ್ತಿ ಹೊಸದಾಗಿ ಬರೆಯುವ ಕೆಲಸವನ್ನು ಸಿಸ್ಟರ್ ನನಗೆ ವಹಿಸಿದರು. ಬೇರೆ ಶಾಲೆಯ ಟೀಚರುಗಳು ಆಗಾಗ ಕೇಳುತ್ತಾರೆ, ಅದಕ್ಕೆ ಬರೆದಿಡುತ್ತಿದ್ದೇನೆ.

ಹಳೆ ಡೈರಿ ತೆರೆದರೆ ಬರೀ 'ಬಾರದು'. ತಡವಾಗಿ ಬರಬಾರದು, ಉಗುರು ಬೆಳೆಸಬಾರದು, ಜಗಲಿಯಲ್ಲಿ ಓಡಬಾರದು. ಎಲ್ಲ ಮಕ್ಕಳಿಗೆ. ಮಗುವಿಗೆ ಜ್ವರ ಬಂದರೆ ಟೀಚರ್ ಏನು ಮಾಡಬೇಕು, ಆಯಾ ಏನಾದರೂ ಕಂಡರೆ ಯಾರಿಗೆ ಹೇಳಬೇಕು, ಗೇಟಿಗೆ ಬಂದು "ನಾನು ಮಾವ, ಕಳಿಸಿ" ಅಂದವರ ಜೊತೆ ಕಳಿಸಬಹುದಾ, ಇದ್ಯಾವುದೂ ಇರಲಿಲ್ಲ. ಹಾಗಾಗಿ ಮೊದಲು ಒಂದು ಮಾತು ಗಟ್ಟಿ ಮಾಡಿಕೊಂಡೆವು. ಮಕ್ಕಳಿಗೆ ಒಂದು ನಿಯಮ ಹಾಕುವ ಮುಂಚೆ ಅದೇ ವಿಷಯದಲ್ಲಿ ದೊಡ್ಡವರು ಏನು ಮಾಡಬೇಕು ಅಂತ ಬರೆಯಬೇಕು, ಯಾರು ಮಾಡಬೇಕು ಅಂತಲೂ ಬರೆಯಬೇಕು. ಜಗಲಿಯಲ್ಲಿ ಓಡಬೇಡ ಅನ್ನುವ ಮೊದಲು ಜಗಲಿಯ ಪಾಚಿ ತೆಗೆಸಬೇಕು, ಅಲ್ವಾ?

ನಮ್ಮಲ್ಲಿ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೆ. ಅದಕ್ಕೇ ಮೇ ತಿಂಗಳಲ್ಲಿ ಒಂದು ದಿನ ಫಾದರ್, ಪಿ.ಟಿ. ಮಾಸ್ಟ್ರು, ಮೇಸ್ತ್ರಿ, ಕರೆಂಟಿನವರು, ಜೊತೆಗೆ ನಾನು, ಇಡೀ ಕಂಪೌಂಡು ಸುತ್ತುತ್ತೇವೆ. ತೆಂಗಿನ ಮರದ ಕಾಯಿ ಮತ್ತು ಒಣ ಮಡಲು ಇಳಿಸಿ ಆಗಿದೆಯಾ? ಹಳೆ ಕಟ್ಟಡದ ಮಾಡಿನಲ್ಲಿ ಹಂಚು ಜಾರಿದೆಯಾ? ಕೆಂಪುಕಲ್ಲಿನ ಆವರಣ ಗೋಡೆ ಬಿರುಕು ಬಿಟ್ಟಿದೆಯಾ? ಬಾವಿಯ ಬಲೆ ಗಟ್ಟಿ ಇದೆಯಾ? ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಊರು ಇದು, ಹಂಚಿನ ಮಾಡಿನ ಶಾಲೆಗಳು ಈಗಲೂ ಬೇಕಾದಷ್ಟಿವೆ. ಗಾಳಿಗೆ ಒಂದು ಹಂಚು ಜಾರಿ ಕೆಳಗೆ ಬಿದ್ದರೆ ಸಣ್ಣ ತಲೆಗೆ ಎಂಥ ಪೆಟ್ಟು ಅಂತ ಯೋಚಿಸಿ. ಕಂಡದ್ದನ್ನು ಅಲ್ಲೇ ಬರೆದು, ಯಾರು ಸರಿ ಮಾಡಿಸಬೇಕು ಅಂತ ಹೆಸರು ಹಾಕುತ್ತೇವೆ.

ಶೂ ವಿಷಯಕ್ಕೆ ಜಾಸ್ತಿ ಚರ್ಚೆ ಆಯಿತು. ಕಪ್ಪು ಶೂ, ಬಿಳಿ ಸಾಕ್ಸ್ ಶಿಸ್ತಿನ ಗುರುತು ಅಂತ ಹಿರಿಯ ಟೀಚರುಗಳ ವಾದ. ಆದರೆ ಜುಲೈಯಲ್ಲಿ ಒಂದು ಮಗುವಿನ ಸಾಕ್ಸ್ ಬಿಚ್ಚಿ ನೋಡಿ. ಬೆಳಿಗ್ಗೆ ಒದ್ದೆಯಾದದ್ದು ಸಂಜೆ ತನಕ ಹಾಗೇ ಇರುತ್ತದೆ. ಬೆರಳ ಸಂದಿ ಬೆಳ್ಳಗೆ ಉಬ್ಬಿ, ತುರಿಸಿ ತುರಿಸಿ ಹುಣ್ಣಾಗಿರುತ್ತದೆ. ಇಲಿ ಜ್ವರದ ರೋಗಾಣು ಇಲಿಯ ಮೂತ್ರ ಸೇರಿದ ನೀರಿನಿಂದ ಇಂಥ ಗಾಯದ ಮೂಲಕ ಸುಲಭವಾಗಿ ಒಳಗೆ ಹೋಗುತ್ತದೆ. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್. ಕಾಲಿಗೆ ಗಾಯ ಇರುವ ಮಗು ಕೆಸರು ಮೈದಾನಕ್ಕೆ ಇಳಿಯುವಂತಿಲ್ಲ, ಆಟ ಮುಗಿದ ಮೇಲೆ ನಳ್ಳಿಯಲ್ಲಿ ಎಲ್ಲರೂ ಕಾಲು ತೊಳೆಯಬೇಕು. ಅದನ್ನು ನಿಂತು ನೋಡುವ ಜವಾಬ್ದಾರಿ ಪಿ.ಟಿ. ಮಾಸ್ಟ್ರದ್ದು.

ಇನ್ನು ಡೆಂಗಿ. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಅದು ಎಷ್ಟು ಜೋರಾಗಿ ಹಬ್ಬಿತ್ತು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಡೆಂಗಿ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ. ಅಂದರೆ ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ. ಡಬ್ಬ, ಟಯರ್, ಗೆರಟೆ ಎಲ್ಲ ತೆಗೆಸುತ್ತಿದ್ದೆವು. ಆದರೆ ಕ್ರೈಸ್ತ ಶಾಲೆಯಲ್ಲಿ ಮಾತ್ರ ಇರುವ ಒಂದು ಜಾಗ ಉಂಟು, ಗ್ರೊಟ್ಟೊ, ಅಂದರೆ ಗುಹೆಯ ಹಾಗೆ ಕಟ್ಟಿ ಮೇರಿ ಮಾತೆಯ ಪ್ರತಿಮೆ ಇಟ್ಟ ಜಾಗ. ಮೇರಿ ಮಾತೆಯ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ತಂದು ಮೇರಿ ಮಾತೆಗೆ ಇಡುತ್ತಾರೆ. ಮಳೆ ಇನ್ನೂ ಇರುವ ಕಾಲ. ಹೂದಾನಿಯಲ್ಲಿ ನೀರು, ನೆರಳು, ತಂಪು. ಸೊಳ್ಳೆಗೆ ಬೇರೇನು ಬೇಕು? ಎಂಟನೆಯ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಹೂದಾನಿಯ ನೀರನ್ನು ಬಿಳಿ ಬಟ್ಟಲಿಗೆ ಸುರಿದೆ. ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತು ಅಲ್ಲಾಡಿಸದೆ ಬಿಟ್ಟಾಗ ನೂಲಿನ ತುಂಡಿನಷ್ಟು ಸಣ್ಣ ಹುಳುಗಳು ಒಂದೊಂದಾಗಿ ಮೈ ಕೊಂಕಿಸುತ್ತಾ ಮೇಲೆ ಬಂದವು, ಬಟ್ಟಲು ತಟ್ಟಿದ ಕೂಡಲೇ ಎಲ್ಲ ಕೆಳಗಿಳಿದವು. ಒಬ್ಬಳು "ಟೀಚರ್, ಇದು ನಾವೇ ಸಾಕಿದ್ದಾ?" ಅಂದಳು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು, ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಬೇಕು ಅನ್ನುವುದು ಅಂತ ವಿವರಿಸಿದೆ. ಈಗ ಗ್ರೊಟ್ಟೊದ ಹೂದಾನಿಗಳಲ್ಲಿ ಒದ್ದೆ ಮರಳು. ಹೂ ಬೇಗ ಬಾಡುವುದಿಲ್ಲ, ಸೊಳ್ಳೆಗೆ ಜಾಗವೂ ಇಲ್ಲ. ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಎರಡೆರಡು ಮಕ್ಕಳು ಟೀಚರ್ ಜೊತೆ ಕಂಪೌಂಡು ಸುತ್ತಿ ನಿಂತ ನೀರು ಚೆಲ್ಲುತ್ತಾರೆ. ಮಳೆಗಾಲದಲ್ಲಿ ತುಂಬು ಪ್ಯಾಂಟು, ತುಂಬು ತೋಳಿನ ಅಂಗಿ ಹಾಕಬಹುದು ಅಂತಲೂ ಬರೆದೆವು.

ಜ್ವರದ ನಿಯಮ ಬರೆಯಲು ಕಷ್ಟವಿಲ್ಲ, ನಡೆಸುವುದು ಕಷ್ಟ. ಫ್ಯಾರನ್‌ಹೀಟ್ ಲೆಕ್ಕದಲ್ಲಿ 100.4 ದಾಟಿದರೆ ಮನೆಗೆ ಫೋನು. ಮಾತ್ರೆ ಇಲ್ಲದೆ ಒಂದು ಇಡೀ ದಿನ ಜ್ವರ ಬಾರದಿದ್ದರೆ ಮತ್ತೆ ಕ್ಲಾಸಿಗೆ. ಸೀತಾಳೆ ಸಿಡುಬಾದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ, ಕೆಪ್ಪಟೆ (ಮಂಗನ ಬಾವು) ಆದರೆ ಬಾವು ಕಂಡ ಮೇಲೆ ಐದು ದಿನ ಮನೆಯಲ್ಲಿ. ಹೆತ್ತವರು ಬರೆದು ಕೊಟ್ಟಿದ್ದರೆ ಮಾತ್ರ ಪ್ಯಾರಾಸಿಟಮಾಲ್, ಅದೂ ಮಗುವಿನ ತೂಕ ನೋಡಿ. ಆಸ್ಪಿರಿನ್, ಐಬುಪ್ರೊಫೆನ್ ಶಾಲೆಯಲ್ಲಿ ಇಡುವುದೇ ಇಲ್ಲ, ಡೆಂಗಿಯಾಗಿದ್ದರೆ ರಕ್ತಸ್ರಾವ ಜಾಸ್ತಿಯಾಗುವ ಅಪಾಯವಿದೆ. ಶಿಕ್ಷಕ ರಕ್ಷಕ ಸಂಘದ ಸಭೆಯಲ್ಲಿ ಇದನ್ನು ಓದಿದಾಗ ಬೀಡಿ ಕಟ್ಟುವ ಒಬ್ಬ ತಾಯಿ ಎದ್ದು ನಿಂತು, "ಟೀಚರ್, ನೀವು ಹೇಳುವುದು ಸರಿ, ಆದರೆ ಮಗುವನ್ನು ನೋಡಲಿಕ್ಕೆ ಕೂತರೆ ಅವತ್ತಿನ ಸಂಪಾದನೆ ಹೋಯಿತು" ಅಂದರು. ಅದಕ್ಕೆ ಉತ್ತರ ಬೇಕಲ್ಲ. ಪ್ರತಿ ಮನೆಯಿಂದ ಇನ್ನೊಂದು ಹೆಸರು, ನಂಬರು ತೆಗೆದುಕೊಂಡೆವು: ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆಯವರು. ಅವರು ಬರುವ ತನಕ ಮಗು ವಿಶ್ರಾಂತಿ ಕೋಣೆಯಲ್ಲಿ ಆಯಾ ಜೊತೆ. ಹಾಗೆಯೇ ಸ್ಕೂಲ್ ಡೇ ದಿನ ಕೊಡುತ್ತಿದ್ದ 'ಒಂದು ದಿನವೂ ರಜೆ ಮಾಡದ ವಿದ್ಯಾರ್ಥಿ' ಬಹುಮಾನವನ್ನು ನಿಲ್ಲಿಸಿದೆವು. ಆ ಬಹುಮಾನಕ್ಕಾಗಿ ಮಕ್ಕಳು ಜ್ವರ ಮುಚ್ಚಿಟ್ಟು ಬರುತ್ತಿದ್ದರು. ಒಂದು ಕೈಯಲ್ಲಿ ಹುಷಾರಿಲ್ಲದಿದ್ದರೆ ಬರಬೇಡ ಅಂತ ಬರೆದು ಇನ್ನೊಂದು ಕೈಯಲ್ಲಿ ಬಂದದ್ದಕ್ಕೆ ಕಪ್ ಕೊಡುವುದು ಹೇಗೆ?

ಫಿಟ್ಸ್ ಬಂದಾಗ ಏನು ಮಾಡಬೇಕು ಅಂತ ಒಂದು ಹಾಳೆ ಪ್ರತಿ ಕ್ಲಾಸಿನ ಬಾಗಿಲ ಹಿಂದೆ ಅಂಟಿಸಿದ್ದೇವೆ. ಕೈಗೆ ಬೀಗದ ಕೈ, ಕಬ್ಬಿಣ ಕೊಡಬೇಡಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬೆಂಚು ಪಕ್ಕಕ್ಕೆ ಸರಿಸಿ, ತಲೆಯ ಕೆಳಗೆ ಮೆತ್ತಗಿನದ್ದೇನಾದರೂ ಇಡಿ, ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ಮೂರ್ಛೆ ಕಾಯಿಲೆ ಇದೆ ಅಂತ ಹೇಳಿದರೆ ಶಾಲೆಗೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಅಂತ ಹೆತ್ತವರು ಹೆದರಿ ಮುಚ್ಚಿಡುತ್ತಾರೆ. ಯಾವ ಕಾಯಿಲೆ ಇದ್ದರೂ ಮಗುವನ್ನು ಕೈಬಿಡುವುದಿಲ್ಲ, ವಿಷಯ ಸಿಸ್ಟರ್ ಮತ್ತು ಕ್ಲಾಸ್ ಟೀಚರ್ ಬಿಟ್ಟು ಯಾರಿಗೂ ಹೋಗುವುದಿಲ್ಲ ಅಂತ ಡೈರಿಯ ಆ ಪುಟದಲ್ಲೇ ಅಚ್ಚು ಹಾಕಿಸಿದೆವು. ಅದಾದ ಮೇಲೆ ಹೇಳುವವರು ಜಾಸ್ತಿಯಾದರು.

ಶಿಸ್ತಿನ ಭಾಗದಲ್ಲಿ ನಾನು ಹಟ ಹಿಡಿದದ್ದು ಎರಡು ವಿಷಯಕ್ಕೆ. ಮೊದಲನೆಯದು, ಶಾಲೆಯೊಳಗೆ ಇಂಗ್ಲಿಷ್ ಬಿಟ್ಟು ತುಳು, ಕೊಂಕಣಿ ಮಾತಾಡಿದರೆ ದಂಡ ಅನ್ನುವ ಹಳೆ ಸಾಲು. ಇಂಗ್ಲಿಷ್ ಕಲಿಯಲಿ, ಖಂಡಿತ ಕಲಿಯಲಿ. ಆದರೆ ಒಂದನೆಯ ಕ್ಲಾಸಿನ ಮಗು ಬಿದ್ದು ತಲೆಗೆ ಪೆಟ್ಟಾದರೆ ತುಳುವಿನಲ್ಲಿ "ತರೆ ಬೇನೆ ಆಪುಂಡು" (ತಲೆ ನೋಯುತ್ತಿದೆ) ಅಂತಲೇ ಹೇಳುವುದು. ದಂಡ ಬೀಳುತ್ತದೆ ಅಂತ ಹೆದರಿದರೆ ಅದು ಸುಮ್ನೆ ಕೂರುತ್ತದೆ. ತಲೆಗೆ ಪೆಟ್ಟಾದ ಮಗು ಸುಮ್ನೆ ಕೂರುವುದಕ್ಕಿಂತ ಅಪಾಯ ಇನ್ನೇನಿದೆ? ವಾಂತಿ, ಮಂಪರು, ತಲೆನೋವು ಜಾಸ್ತಿಯಾಗುವುದು, ಇವನ್ನೆಲ್ಲ ಅದು ಬಾಯಿ ಬಿಟ್ಟು ಹೇಳಬೇಕು. ದಂಡ ತೆಗೆದೆವು. ನೋವು, ಭಯ, ದೂರು ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು ಅಂತ ಅದೇ ಜಾಗದಲ್ಲಿ ಬರೆದೆವು.

ಎರಡನೆಯದು ಬೆತ್ತ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ, ಹಾಗಾಗಿ ನಮಗೆ ಕಟ್ಟು ಇಲ್ಲ ಅಂತ ಸಭೆಯಲ್ಲಿ ಒಂದು ಮಾತು ಬಂತು. ನನಗೆ ನಿಜಕ್ಕೂ ಬೇಜಾರಾಯಿತು. ತನ್ನ ವಶದಲ್ಲಿರುವ ಮಗುವಿಗೆ ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ, ಅದಕ್ಕೆ ಅಲ್ಪಸಂಖ್ಯಾತ ಶಾಲೆ ಅಂತ ವಿನಾಯಿತಿ ಇಲ್ಲ. ಅದಿರಲಿ, ಮಕ್ಕಳು ನನ್ನ ಬಳಿಗೆ ಬರಲಿ ಅಂದ ಯೇಸುವಿನ ಚಿತ್ರವನ್ನು ಆಫೀಸಿನ ಗೋಡೆಗೆ ಹಾಕಿಕೊಂಡು ಅದರ ಕೆಳಗೆ ಬೆತ್ತ ಇಡುವುದು ಯಾವ ನ್ಯಾಯ ಅಂತ ಕೇಳಿದೆ. ಸಿಸ್ಟರ್ ನನ್ನ ಪರ ನಿಂತರು. ಬೆತ್ತ, ಮೊಣಕಾಲೂರಿಸುವುದು, ಕ್ಲಾಸಿನ ಹೊರಗೆ ನಿಲ್ಲಿಸುವುದು, ಅಸೆಂಬ್ಲಿಯಲ್ಲಿ ಹೆಸರು ಓದಿ ಅವಮಾನ ಮಾಡುವುದು, ನಾಲ್ಕೂ ಹೋಯಿತು. ಬದಲಿಗೆ, ಜಗಳ ಮಾಡಿದವರು ಏನಾಯಿತು ಅಂತ ಇಬ್ಬರೂ ಹೇಳಬೇಕು, ಹಾಳು ಮಾಡಿದ್ದನ್ನು ಸರಿ ಮಾಡಬೇಕು. ಅಮಾನತು ಮಾಡುವುದಿದ್ದರೆ ಸಿಸ್ಟರ್ ಮಾತ್ರ, ಅದೂ ಮಗುವಿನ ಮಾತು ಕೇಳಿದ ಮೇಲೆ. ಮೊದಲ ಕೆಲವು ತಿಂಗಳು ಕ್ಲಾಸುಗಳಲ್ಲಿ ಗಲಾಟೆ ಜಾಸ್ತಿಯಾದದ್ದು ಹೌದು. ತಾಳ್ಮೆ ಬೇಕು.

ಪೋಕ್ಸೋ ವಿಷಯದಲ್ಲಿ ಮಾತು ಚಿಕ್ಕದು, ಖಡಕ್ಕು. 2012ರ ಆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದ ತನಕ ಜೈಲಾಗಬಹುದು. ನಮ್ಮಂಥ ಶಾಲೆಗಳಲ್ಲಿ ಮೊದಲು ಸಿಸ್ಟರಿಗೆ, ಆಮೇಲೆ ಫಾದರಿಗೆ, ಆಮೇಲೆ ಮೇಲಿನವರಿಗೆ ಅನ್ನುವ ರೂಢಿ ಇದೆ. ಈ ವಿಷಯದಲ್ಲಿ ಆ ಮೆಟ್ಟಿಲು ಬೇಡ, ಆಯಾ ಕೂಡ ಯಾರ ಅನುಮತಿಯನ್ನೂ ಕೇಳದೆ ಪೊಲೀಸರಿಗೋ ಮಕ್ಕಳ ಸಹಾಯವಾಣಿ 1098ಕ್ಕೋ ಫೋನು ಮಾಡಬಹುದು, ಅದಕ್ಕಾಗಿ ಯಾರ ಕೆಲಸವೂ ಹೋಗದು ಅಂತ ಬರೆದು ಫಾದರ್ ಕೈಯಲ್ಲೇ ಸಹಿ ಹಾಕಿಸಿದೆವು. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ನಿಯಮ ಕೂಡ, ಚರ್ಚಿನೊಳಗಿನ ದೂರು ಬೇರೆ, ದೇಶದ ಕಾನೂನಿನ ಕರ್ತವ್ಯ ಹಾಗೇ ಇರುತ್ತದೆ ಅಂತಲೇ ಹೇಳುತ್ತದೆ. ಈ ಭಾಗ ಶಾಲೆಯ ಸಿಬ್ಬಂದಿಗೆ ಮಾತ್ರ ಅಲ್ಲ. ಸ್ಕೂಲ್ ಡೇಗೆ ಬರುವ ಡ್ಯಾನ್ಸ್ ಮಾಸ್ಟ್ರು, ಫೋಟೋದವರು, ಭಾನುವಾರ ಧರ್ಮೋಪದೇಶದ ಕ್ಲಾಸು ಮಾಡುವವರು, ಎಲ್ಲರಿಗೂ ಒಂದೇ. ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಯಾರೂ ಒಬ್ಬರೇ ಇರುವಂತಿಲ್ಲ.

ಧರ್ಮದ ವಿಷಯ ನಮ್ಮ ಜಿಲ್ಲೆಯಲ್ಲಿ ಸೂಕ್ಷ್ಮ, ಅದನ್ನು ಬರೆಯದೆ ಬಿಟ್ಟರೆ ಇನ್ನೂ ಕಷ್ಟ. ಸಂವಿಧಾನದ 28(3)ನೇ ವಿಧಿ ಹೇಳುವಂತೆ ಹೆತ್ತವರ ಒಪ್ಪಿಗೆ ಇಲ್ಲದೆ ಮಗುವನ್ನು ಪ್ರಾರ್ಥನೆ, ಧರ್ಮಬೋಧನೆಗೆ ಕಡ್ಡಾಯವಾಗಿ ಕೂರಿಸುವಂತಿಲ್ಲ. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬೇಡಿ ಅಂತ ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವೂ 2024ರಲ್ಲಿ ತನ್ನ ಶಾಲೆಗಳಿಗೆ ಹೇಳಿದೆ. ಕುಂಕುಮ, ಬಳೆ, ಮಲ್ಲಿಗೆ, ಕೈಗೆ ಕಟ್ಟಿದ ದಾರಕ್ಕೆ ನಮ್ಮಲ್ಲಿ ತಡೆ ಇಲ್ಲ. ಅಯ್ಯಪ್ಪ ಮಾಲೆ ಹಾಕಿದ ಹುಡುಗ ಚಪ್ಪಲಿ ಇಲ್ಲದೆ ಕಪ್ಪು ಬಟ್ಟೆಯಲ್ಲಿ ಬರಬಹುದು, ಪ್ರಯೋಗಶಾಲೆಯಲ್ಲಿ ಮಾತ್ರ ಬರಿಗಾಲು ಬೇಡ ಅಂತ ಮನೆಯವರೊಂದಿಗೆ ಮೊದಲೇ ಮಾತಾಡುತ್ತೇವೆ. ರಂಜಾನ್ ಉಪವಾಸದ ಮಕ್ಕಳನ್ನು ಬಿಸಿಲಿನಲ್ಲಿ ಓಡಿಸುವುದಿಲ್ಲ, ಪಿ.ಟಿ. ಪೀರಿಯಡ್ಡಿನಲ್ಲಿ ಲೈಬ್ರರಿ. ತಲೆ ಸುತ್ತಿದರೆ ನೀರು ಕುಡಿಸಬೇಕು, ಇದಕ್ಕೆ ಮನೆಯವರ ಒಪ್ಪಿಗೆ ಮುಂಚೆಯೇ ತೆಗೆದುಕೊಂಡಿರುತ್ತೇವೆ.

ಕೊನೆಗೆ ಮಳೆ ರಜೆ. ಜಿಲ್ಲಾಧಿಕಾರಿಯವರು ರಾತ್ರಿಯೇ ಘೋಷಿಸಿದರೆ ತೊಂದರೆ ಇಲ್ಲ. ಬೆಳಿಗ್ಗೆ ಘೋಷಿಸಿದರೆ ದೂರದ ಮಕ್ಕಳು ಆಗಲೇ ಬಸ್ಸು ಹತ್ತಿರುತ್ತಾರೆ. ಹಾಗಾಗಿ ರಜೆ ಘೋಷಣೆಯಾದರೂ ಹತ್ತಿರ ಮನೆ ಇರುವ ಇಬ್ಬರು ಟೀಚರುಗಳು ಗೇಟು ತೆರೆದು ಇರಬೇಕು, ಸರದಿ ಪಟ್ಟಿ ಆಫೀಸಿನಲ್ಲಿದೆ. ಬಂದ ಮಗುವನ್ನು ಮನೆಯವರು ಅಥವಾ ಪಟ್ಟಿಯಲ್ಲಿ ಹೆಸರಿರುವವರು ಬಂದು ಕರೆದುಕೊಂಡು ಹೋಗುವ ತನಕ ಬಿಡುವಂತಿಲ್ಲ. ಆಟೋ, ವ್ಯಾನಿನಲ್ಲಿ ಮಕ್ಕಳನ್ನು ತುಂಬುವ ವಿಷಯ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ಚಾಲಕರನ್ನು ಕರೆದು ಮಾತಾಡಿದೆವು. ಕಡಿಮೆ ಮಕ್ಕಳನ್ನು ಕೂರಿಸಿದರೆ ಬಾಡಿಗೆ ಏರುತ್ತದೆ ಅಂತ ಅವರು, ಏರಿದರೆ ಕೊಡಲಿಕ್ಕಾಗದು ಅಂತ ಹೆತ್ತವರು. ಒಂದೇ ದಾರಿಯ ಮಕ್ಕಳನ್ನು ಸೇರಿಸಿ ಎರಡು ಸರದಿಯಲ್ಲಿ ಕಳಿಸಲಾಗುತ್ತದಾ ಅಂತ ಈಗ ಪಟ್ಟಿ ಮಾಡುತ್ತಿದ್ದೇವೆ, ಮೊದಲ ಸರದಿ ಹೋಗಿ ಬರುವ ತನಕ ಉಳಿದವರನ್ನು ನೋಡಿಕೊಳ್ಳಲು ಟೀಚರುಗಳ ಹೆಸರೂ ಹಾಕಬೇಕಾಗಿದೆ.